ತೂಕಕ್ಕೆ ಪಳಗಿದ ಕೈ

ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಗೋದಾ ಕಟ್ಟಿ ಅವರು ತೂಕದ ಕೋಣೆಗೆ ಬಂದವರೇ ಮೊದಲು ಫ್ಯಾನ್ ಆರಿಸುತ್ತಾರೆ, ಆಮೇಲೆ ಕಿಟಕಿ ಮುಚ್ಚುತ್ತಾರೆ. ಮೇಜಿನ ಮೇಲಿನ ತಕ್ಕಡಿ ಗಾಜಿನ ಗೂಡಿನೊಳಗಿದ್ದರೂ ಗಾಳಿ ತಾಗಿದರೆ ಅದರ ಅಂಕಿ ನಡುಗುತ್ತದೆ. ಅಂಕಿ ಸೊನ್ನೆಗೆ ಬಂದು ನಿಂತ ಮೇಲೆ, ಹುರಿದು ಜರಡಿ ಹಿಡಿದ ಶೇಂಗಾ ಪುಡಿಯನ್ನು ಚಮಚದ ತುದಿಯಲ್ಲಿ ತೆಗೆದು ಉದುರಿಸುತ್ತಾರೆ.

‘ಪಾಯಿಂಟ್ ಒಂದ್’ ಎಂದು ಗಟ್ಟಿಯಾಗಿ ಹೇಳುತ್ತಾರೆ. ಪಕ್ಕದಲ್ಲಿ ನಿಂತ ನರ್ಸ್ ಅಂಬಾ ಬಗ್ಗಿ ಅಂಕಿ ನೋಡಿ ಬರೆದುಕೊಳ್ಳುತ್ತಾರೆ. ಒಂದು ಗ್ರಾಮಿನ ಹತ್ತನೇ ಒಂದು ಭಾಗ ಎಂದರೆ ಒಂದು ಶೇಂಗಾ ಕಾಳಿನ ಸುಮಾರು ಆರನೇ ಒಂದು ಪಾಲು. ಮುಂದಿನ ಬಟ್ಟಲಿಗೆ 0.3 ಗ್ರಾಂ. ನಂತರ ಒಂದು, ಮೂರು, ಐದು, ಎಂಟು. ಒಟ್ಟು ಆರು ಬಟ್ಟಲು, ಹದಿನೇಳೂವರೆ ಗ್ರಾಮಿಗೆ ಸ್ವಲ್ಪ ಕಡಿಮೆ. ಎಲ್ಲಕ್ಕೂ ಹಿಸುಕಿದ ಬಾಳೆಹಣ್ಣು, ಬೆಲ್ಲ. ಇವತ್ತು ಪರೀಕ್ಷೆಗೆ ಬರುವ ಮಗುವಿಗೆ ಏನು ಇಷ್ಟ ಎಂದು ನಿನ್ನೆಯೇ ಅವಳ ತಾಯಿಗೆ ಫೋನ್ ಮಾಡಿ ಕೇಳಿದ್ದಾರೆ.

ಇದು ಪುಣೆಯ ವಿಮಾನ ನಗರದ ಖಾಸಗಿ ಆಸ್ಪತ್ರೆಯೊಂದರ ಮಕ್ಕಳ ಅಲರ್ಜಿ ವಿಭಾಗ. ಹಾಲು, ಮೊಟ್ಟೆ, ಗೋಧಿ, ಶೇಂಗಾ ಎಂದು ವರ್ಷಗಟ್ಟಲೆ ದೂರವಿಟ್ಟ ಆಹಾರವನ್ನು ಮಗು ಮತ್ತೆ ತಿನ್ನಬಹುದೇ ಎಂದು ವೈದ್ಯರ ಕಣ್ಣೆದುರೇ ಇಲ್ಲಿ ಪರೀಕ್ಷಿಸುತ್ತಾರೆ. ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿ ಅರ್ಧ ಗಂಟೆಗೊಂದು ಬಟ್ಟಲು ಕೊಡುತ್ತಾರೆ. ಚುಚ್ಚುಮದ್ದು, ಆಮ್ಲಜನಕ ಮಂಚದ ಪಕ್ಕದಲ್ಲೇ ಇರುತ್ತವೆ. ಕಳೆದ ವರ್ಷ ನಡೆದ ಇಂಥ ಪರೀಕ್ಷೆಗಳು 146. ಏನೂ ಆಗದೆ ಮುಗಿದವು 109. ಮೂವತ್ತೊಂದು ಮಕ್ಕಳಿಗೆ ಅಲರ್ಜಿ ಕಾಣಿಸಿಕೊಂಡಿತು. ಉಳಿದ ಆರು ಮಕ್ಕಳು ಬಾಯಿಯನ್ನೇ ತೆರೆಯಲಿಲ್ಲ. ಆ ಎಲ್ಲ ಪರೀಕ್ಷೆಗಳಿಗೂ ಬಟ್ಟಲು ಸಿದ್ಧಪಡಿಸಿದವರು ಐವತ್ತನಾಲ್ಕು ವರ್ಷದ ಗೋದಾ ಒಬ್ಬರೇ. ವೈದ್ಯರ ಹೆಸರು ಪಾಲಕರಿಗೆ ನೆನಪಿರುತ್ತದೆ. ಬಟ್ಟಲು ತಂದಿಟ್ಟವರ ಹೆಸರು ಕೇಳಿದವರು ಕಡಿಮೆ.

ಗೋದಾ ಅವರ ತವರು ಧಾರವಾಡ. ಮದುವೆಯಾಗಿ ಪುಣೆಗೆ ಬಂದು ಮೂವತ್ತೊಂದು ವರ್ಷವಾಯಿತು. ಪತಿ ಪ್ರಲ್ಹಾದ ಅವರ ಕಾರ್ಖಾನೆ ಮುಚ್ಚಿದಾಗ ಅದೇ ಊರಿನ ವಾಕಡ ಬಡಾವಣೆಯಲ್ಲಿ ಊಟದ ಡಬ್ಬಿ ಕೊಡಲು ಶುರುಮಾಡಿ, ಹದಿನಾಲ್ಕು ವರ್ಷ ನಡೆಸಿದರು. ದಿನಕ್ಕೆ ಮೂವತ್ತು ಡಬ್ಬಿ, ಎಲ್ಲ ಅಂದಾಜಿನ ಅಡುಗೆ. ಮಂಡಿನೋವಿನಿಂದ ಅದನ್ನು ಬಿಟ್ಟು ಈ ಆಸ್ಪತ್ರೆಯ ಅಡುಗೆಮನೆಗೆ ಸೇರಿದ್ದು ಹನ್ನೊಂದು ವರ್ಷದ ಹಿಂದೆ.

‘ನಮ್ಮ ಕಡೆ ಬಡಸುವಾಗ ಕೈ ಬಿಗಿ ಹಿಡದ್ರ ಉಣ್ಣೋರಿಗೆ ಅಪಮಾನ ಮಾಡಿಧಾಂಗ್ರಿ. ಸಾಕು ಅಂದ ಮ್ಯಾಲೂ ಇನ್ನೊಂದು ಚಮಚ ಹಾಕಬೇಕು. ಆ ಕೈ ತಗೊಂಡ ಇಲ್ಲಿಗೆ ಬಂದೆ. ಅದ ತಪ್ಪಾತು’ ಎನ್ನುತ್ತಾರೆ.

ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳು. ನಾಲ್ಕು ವರ್ಷದ ಓಂಕಾರ್ ಎಂಬ ಹುಡುಗನಿಗೆ ಹಾಲಿನ ಪರೀಕ್ಷೆ. ಮೊದಲ ಬಟ್ಟಲಿಗೆ ಒಂದು ಮಿಲಿಲೀಟರ್ ಹಾಲು ಎಂದು ಚೀಟಿಯಲ್ಲಿ ಬರೆದಿತ್ತು. ‘ನೋಡಿದ್ರ ಬಟ್ಟಲದ ತಳಾನೂ ತೊಯ್ದಿರಲಿಲ್ರಿ. ಇಷ್ಟು ಬೆಕ್ಕಿಗೂ ಸಾಲೂದಿಲ್ಲ, ಕೂಸು ಮುಂಜಾನಿಂದ ಉಪಾಸ ಅದ ಅಂತ ಒಂದು ಚಮಚ ಮ್ಯಾಲ ಹಾಕಿದೆ.’ ಹತ್ತು ನಿಮಿಷದಲ್ಲಿ ಮಗುವಿನ ಮುಖದ ಮೇಲೆಲ್ಲ ದದ್ದು ಎದ್ದಿತು. ವಾಂತಿ, ಕೆಮ್ಮು ಬಂತು. ವೈದ್ಯರು ತೊಡೆಗೆ ಚುಚ್ಚುಮದ್ದು ಕೊಟ್ಟರು. ಸಂಜೆಯ ಹೊತ್ತಿಗೆ ಓಂಕಾರ್ ಎದ್ದು ಆಡತೊಡಗಿದ್ದ.

ಗೋದಾ ಅವರನ್ನು ಯಾರೂ ಏನೂ ಕೇಳಲಿಲ್ಲ. ಒಂದು ಮಿಲಿ ಹಾಲನ್ನೂ ಈ ಮಗು ತಾಳಲಾರದು ಎಂದೇ ಎಲ್ಲರೂ ತಿಳಿದರು. ಗೋದಾ ತಾವೇ ಹೋಗಿ ವೈದ್ಯರಿಗೆ ಹೇಳಿದರು. ಆಮೇಲೆ ಹುಡುಗನ ತಾಯಿಯ ಮುಂದೆ ನಿಂತು ಅದನ್ನೇ ಹೇಳಿದರು. ‘ಆಕಿ ಬೈದ್ಳು. ಬೈಬೇಕಾದದ್ದ ಬಿಡ್ರಿ.’

ವಿಭಾಗದ ಮುಖ್ಯಸ್ಥೆ ಡಾ. ಹರ್ಷದಾ ಮರಾಠಿಯಲ್ಲಿ ಹೇಳುವುದು ಇಷ್ಟು: ‘ಅವತ್ತು ಇವರು ಬಾಯಿ ಬಿಡದಿದ್ದರೆ ದಾಖಲೆಯಲ್ಲಿ ತಪ್ಪು ಅಂಕಿ ಉಳಿಯುತ್ತಿತ್ತು. ಹಾಲಿನ ಹನಿ ಸಿಡಿದರೂ ಅಪಾಯ ಎಂದು ಆ ಮನೆಯವರು ವರ್ಷಗಟ್ಟಲೆ ಹೆದರಿಕೊಂಡು ಬದುಕಬೇಕಾಗುತ್ತಿತ್ತು. ತಪ್ಪು ಯಾರಾದರೂ ಮಾಡುತ್ತಾರೆ. ಹೀಗೆ ಬಂದು ಹೇಳುವವರು ನನಗೆ ಬೇಕಿತ್ತು.’ ತೂಕವನ್ನು ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ನೋಡಿ ಬರೆಯಬೇಕು ಎಂಬ ನಿಯಮ ಬಂದದ್ದು ಆ ವಾರವೇ. ನಾಲ್ಕು ವರ್ಷದ ನಂತರ ಓಂಕಾರ್‌ನ ತಾಯಿ ಮಗನನ್ನು ಮತ್ತೆ ಕರೆತಂದರು. ಅಂದಿನ ಬಟ್ಟಲುಗಳನ್ನೂ ಗೋದಾ ಅವರೇ ಸಿದ್ಧಪಡಿಸಿದರು. ಹುಡುಗ ಈಗ ಹಾಲು ಹಾಕಿದ ಚಹಾ ಕುಡಿಯುತ್ತಾನೆ.

ಕೆಲಸದ ಶಿಸ್ತು ಮನೆಗೂ ಬಂದಿದೆ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ ಇಲ್ಲದೆ ಊಟ ಸೇರದ ಕುಟುಂಬ ಅದು. ಆದರೆ ಪುಡಿಯ ಕಣ ಸೆರಗಿಗೆ ಅಂಟಿ ಆಸ್ಪತ್ರೆಗೆ ಬರಬಾರದೆಂದು ಮನೆಯಲ್ಲಿ ಅದರ ಡಬ್ಬಿ ತೆರೆಯುವುದು ಭಾನುವಾರ ಮಾತ್ರ. ‘ಉಳದ ಆರು ದಿನಾ ನಮ್ಮ ಮನೀನೂ ದವಾಖಾನಿ ಅದರಿ. ನಾ ಪೇಶಂಟು’ ಎಂದು ಪ್ರಲ್ಹಾದ ನಗುತ್ತಾರೆ. ‘ಬಿಲ್ ಕೇಳಿಲ್ಲಲ್ಲ, ಸುಮ್ನಿರ್ರಿ’ ಎಂದು ಗೋದಾ ಒಳಗಿನಿಂದಲೇ ಉತ್ತರಿಸುತ್ತಾರೆ.

ಎಂಟು ಗಂಟೆಗೆ ಧನುಶ್ರೀ ಮಂಚದ ಮೇಲೆ ಕುಳಿತಿದ್ದಾಳೆ. ಏಳು ವರ್ಷದ ಹುಡುಗಿ. ಹಾಸನದ ಕಡೆಯವರಾದ ತಂದೆ-ತಾಯಿಯ ಜೊತೆ ವಾಕಡದಲ್ಲಿ ವಾಸ. ಎರಡು ವರ್ಷದವಳಿದ್ದಾಗ ಕಡಲೆಕಾಯಿ ಚಿಕ್ಕಿಯ ಒಂದು ಚೂರು ತಿಂದು ಉಸಿರು ಕಟ್ಟಿತ್ತು. ಇತ್ತೀಚಿನ ರಕ್ತಪರೀಕ್ಷೆ ನೋಡಿದ ವೈದ್ಯರು ಈಗ ಪ್ರಯತ್ನಿಸಬಹುದು ಎಂದಿದ್ದಾರೆ.

‘ಈ ಊರಲ್ಲಿ ಕಡಲೆಕಾಯಿ ಪುಡಿ ಎಲ್ಲದಕ್ಕೂ ಹಾಕ್ತಾರೆ. ಖಿಚಡಿ, ಕೋಸಂಬರಿ, ಬದನೆಕಾಯಿ ಪಲ್ಯ, ಎಲ್ಲಾ ಕಡೆ ಚೆಕ್ ಮಾಡ್ಬೇಕು’ ಎನ್ನುತ್ತಾರೆ ತಾಯಿ ಸಿಂಧೂರ. ‘ಬರ್ತ್‌ಡೇ ಪಾರ್ಟಿಗೆ ಹೋದ್ರೂ ಇವಳ ಡಬ್ಬಿ ಬೇರೆ. ಈಗೀಗ ಯಾರೂ ಕರೆಯೋದೂ ಇಲ್ಲ. ಅವರಿಗೂ ಭಯ ಅಲ್ವಾ?’ ಇವತ್ತೂ ಆ ಸ್ಟೀಲ್ ಡಬ್ಬಿ ಅವರ ಚೀಲದಲ್ಲಿದೆ.

ಮೊದಲೆರಡು ಬಟ್ಟಲು ಸುಗಮವಾಗಿ ಮುಗಿಯುತ್ತವೆ. ಒಂಬತ್ತಕ್ಕೆ ಮೂರನೆಯದು. ಒಂಬತ್ತು ಹದಿನೈದಕ್ಕೆ ಧನುಶ್ರೀ, ‘ಅಮ್ಮಾ, ಹೊಟ್ಟೆ ನೋಯ್ತಿದೆ’ ಎನ್ನುತ್ತಾಳೆ. ಸಿಂಧೂರ ಎದ್ದು ನಿಲ್ಲುತ್ತಾರೆ. ‘ಸಾಕು ಡಾಕ್ಟರ್, ಸ್ಟಾಪ್ ಮಾಡಿಬಿಡೋಣ.’ ಅಂಬಾ ನಾಡಿ ಹಿಡಿಯುತ್ತಾರೆ. ಡಾ. ಹರ್ಷದಾ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಬೆನ್ನು, ಹೊಟ್ಟೆ, ತುಟಿ ನೋಡುತ್ತಾರೆ. ದದ್ದಿಲ್ಲ. ಉಸಿರು ಸರಿಯಿದೆ. ‘ಕಾಯೋಣ’ ಎನ್ನುತ್ತಾರೆ.

ಬಾಗಿಲಲ್ಲಿ ಗೋದಾ ನಾಲ್ಕನೇ ಬಟ್ಟಲು ಹಿಡಿದು ನಿಂತಿದ್ದಾರೆ. ಹೀಗೆ ನಿಂತಾಗ ಒಂದು ಮಾತೂ ಆಡಬಾರದು ಎನ್ನುವುದು ಅವರೇ ಹಾಕಿಕೊಂಡ ಕಟ್ಟಳೆ. ‘ತಿನ್ನು ಪುಟ್ಟಾ ಅನ್ನೂದು ಸೈತ ಒಂದು ಚಮಚ ಹೆಚ್ಚಿಗಿ ಹಾಕಿಧಾಂಗ’ ಎಂದು ಆಮೇಲೆ ವಿವರಿಸುತ್ತಾರೆ. ಮೂವತ್ತೈದು ನಿಮಿಷ ಕಳೆಯುತ್ತದೆ. ಧನುಶ್ರೀ ಬಾತ್‌ರೂಮಿಗೆ ಹೋಗಿ ಬಂದು, ನೋವಿಲ್ಲ, ಹೆದರಿಕೆ ಆಗಿತ್ತು ಎನ್ನುತ್ತಾಳೆ. ವೈದ್ಯೆ ಇನ್ನೊಮ್ಮೆ ಪರೀಕ್ಷಿಸಿ ಬಾಗಿಲ ಕಡೆ ನೋಡುತ್ತಾರೆ. ‘ಗೋದಾತಾಯಿ, ದ್ಯಾ.’ ಮರಾಠಿಯಲ್ಲಿ ಕೊಡಿ ಎಂದು.

ಒಂಬತ್ತು ಐವತ್ತಕ್ಕೆ ನಾಲ್ಕನೇ ಬಟ್ಟಲು. ಹತ್ತು ಇಪ್ಪತ್ತಕ್ಕೆ ಐದು. ಹತ್ತು ಐವತ್ತಕ್ಕೆ ಆರನೆಯದು. ಮುಂದಿನ ಎರಡು ಗಂಟೆ ಬರೀ ಕಾಯುವುದು. ಧನುಶ್ರೀ ಬಣ್ಣ ತುಂಬುತ್ತಾಳೆ. ಸಿಂಧೂರ ಕೈಯಲ್ಲಿ ಹಿಡಿದ ಕಾಫಿ ಆರಿ ತಣ್ಣಗಾಗುತ್ತದೆ.

ಹನ್ನೆರಡು ಐವತ್ತಕ್ಕೆ ವೈದ್ಯೆ ಸಹಿ ಹಾಕುತ್ತಾರೆ. ಪರೀಕ್ಷೆ ಪಾಸು. ಇವತ್ತು ಇನ್ನು ಶೇಂಗಾ ಬೇಡ, ನಾಳೆಯಿಂದ ತಪ್ಪದೆ ಸ್ವಲ್ಪ ಸ್ವಲ್ಪ ತಿನ್ನಿಸಬೇಕು, ಬಿಟ್ಟರೆ ಅಲರ್ಜಿ ಮರಳಬಹುದು ಎಂದು ವಿವರಿಸುತ್ತಾರೆ. ಇಂಥ ಪ್ರಯೋಗವನ್ನು ಮನೆಯಲ್ಲಿ ತಾವಾಗಿಯೇ ಯಾರೂ ಮಾಡಕೂಡದು ಎಂದು ಒತ್ತಿ ಹೇಳುತ್ತಾರೆ. ಸಿಂಧೂರ ಗೋದಾ ಅವರ ಕೈ ಹಿಡಿದು ಅಳುತ್ತಾರೆ. ‘ಐದು ವರ್ಷ ಆಂಟಿ, ಐದು ವರ್ಷ. ನಿಮ್ಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ?’ ‘ನಂದೇನದ ಅದರಾಗ? ತಿಂದಾಕಿ ಆಕಿ. ನಿಮ್ಮ ಡಬ್ಬಿ ಕೊಡ್ರಿ ಇಲ್ಲೆ’ ಎನ್ನುತ್ತಾರೆ ಗೋದಾ.

ಶೇಂಗಾ ಪರೀಕ್ಷೆಯ ದಿನ ಅವರು ಮನೆಯಿಂದ ಗಂಟು ಬಿಗಿದ ಒಂದು ಚೀಲ ತರುತ್ತಾರೆ. ಅದು ಹೊರಗಿನ ಲಾಕರ್‌ನಲ್ಲೇ ಇರುತ್ತದೆ, ತೂಕದ ಕೋಣೆಗೆ ಬರುವುದಿಲ್ಲ. ಮಗು ಪಾಸಾಗದಿದ್ದರೆ ಗಂಟು ಬಿಚ್ಚದೆ ಮನೆಗೆ ಮರಳುತ್ತದೆ. ಒಳಗಿರುವುದು ಭಾನುವಾರ ಕಟ್ಟಿದ ಶೇಂಗಾ ಉಂಡಿ. ಸಣ್ಣ ನಿಂಬೆಹಣ್ಣಿಗಿಂತ ದೊಡ್ಡದಿರಬಾರದು ಎಂಬುದೊಂದೇ ಡಾ. ಹರ್ಷದಾ ಅವರ ಷರತ್ತು.

ಲಾಕರ್ ಬಳಿ ಗೋದಾ ಗಂಟು ಬಿಚ್ಚುತ್ತಾರೆ. ‘ನಾಳಿಂದ ದಿನಕ್ಕ ಒಂದ, ತಿಳೀತಿಲ್ಲ?’ ಎನ್ನುತ್ತ ಧನುಶ್ರೀಯ ಡಬ್ಬಿಗೆ ಉಂಡಿ ತುಂಬುತ್ತಾರೆ. ಡಬ್ಬಿ ತುಂಬುತ್ತದೆ. ಮೇಲೆ ಇನ್ನೊಂದು ಇಡುತ್ತಾರೆ. ಮುಚ್ಚಳ ಕೂರುವುದಿಲ್ಲ.

ಬೆಳಗಿನಿಂದ ಆರು ಬಟ್ಟಲಿನ ಅಂಕಿಗಳನ್ನೂ ಕೇಳಿ ತಿಳಿದುಕೊಂಡಿದ್ದ ಹುಡುಗಿ ಕೇಳುತ್ತಾಳೆ: ‘ಅಜ್ಜಿ, ಇದನ್ನ ತೂಕ ಮಾಡಲ್ವಾ?’

‘ಇಲ್ಲವ್ವಾ’ ಎಂದು ಗೋದಾ ಇನ್ನೊಂದು ಉಂಡಿಗೆ ಕೈ ಹಾಕುತ್ತಾರೆ. ‘ತೂಗೂದು ಮುಗೀತು. ಇದು ಬಡಸೂದು.’