ಧೂಮಾಂಗದನ ಮಿರ್ಚಿ

ಮಸ್ಕಿ ಬಸ್ ನಿಲ್ದಾಣದ ಹಿಂದಿನ ಡಬ್ಬಾ ಅಂಗಡಿಯಿಂದ ಮೀಸೆ ಹೊತ್ತ ಗಂಡಸರು ಕಣ್ಣೊರೆಸಿಕೊಳ್ಳುತ್ತ ಹೊರಬರುವುದನ್ನು ಮೊದಲ ಸಲ ಕಂಡಾಗ, ಒಳಗೆ ಕೂತಿದ್ದ ಕರಿಬಸಯ್ಯ ಭವಿಷ್ಯ ಹೇಳುವವರಿರಬೇಕು, ಅದೂ ಕೆಟ್ಟದ್ದನ್ನೇ ಹೇಳುವವರಿರಬೇಕು ಎಂದು ನಾನು ತಿಳಿದಿದ್ದೆ. ಹಣೆಗೆ ವಿಭೂತಿ, ಎದೆ ಮುಟ್ಟುವ ಗಡ್ಡ, ಯಾರು ಏನು ಕೇಳಿದರೂ ಮೊದಲು ಒಂದು ನಿಟ್ಟುಸಿರು. ಬೇರೇನು ತಿಳಿಯಲಿ? ಅವರು ಕಾದಂಬರಿಗಳನ್ನು ಬಾಡಿಗೆಗೆ ಕೊಡುವವರೆಂದು ಆಮೇಲೆ ಗೊತ್ತಾಯಿತು.

ಈಗ ಆ ಅಂಗಡಿಯಲ್ಲಿ ಪುಸ್ತಕಕ್ಕಿಂತ ಮೊಬೈಲ್ ಕವರುಗಳೇ ಹೆಚ್ಚು. ಆದರೂ ಹನ್ನೆರಡು ಪುಸ್ತಕಗಳ ಒಂದು ಮಾಲೆ ಇವತ್ತಿಗೂ ಕಪಾಟಿನಲ್ಲಿ ನಿಲ್ಲುವುದಿಲ್ಲ. ಅದರ ನಾಯಕ ಧೂಮಾಂಗದ ಎಂಬ ಸೇನಾಪತಿ ಮೊದಲ ಪುಸ್ತಕದಲ್ಲೇ ತನ್ನೂರಿನ ಕೋಟೆ ಬಾಗಿಲನ್ನು ವೈರಿಗಳಿಗೆ ತೆರೆದುಕೊಟ್ಟು ಓಡುತ್ತಾನೆ. ಮುಂದೆ ರಾಕ್ಷಸರಿಗೆ ಸುಳ್ಳು ಹೇಳುತ್ತಾನೆ, ಮಾಟಗಾತಿಯರಿಗೆ ಕೈಕೊಡುತ್ತಾನೆ, ಗೆಳೆಯರನ್ನು ಮಾರಿಕೊಳ್ಳುತ್ತಾನೆ. ಅವನು ಮಾಡಿದ ಒಂದು ಒಳ್ಳೆಯ ಕೆಲಸ ತೋರಿಸಿದರೆ ಬಾಡಿಗೆ ವಾಪಸ್ ಎಂದು ಕರಿಬಸಯ್ಯ ಹೇಳುತ್ತಿದ್ದರು.

ಇಂಥವನ ಮೇಲೆ ಮೂರು ತಾಲೂಕುಗಳಿಗೆ ಪ್ರಾಣ. ಸಿಂಧನೂರಿನ ಕಾಲುವೆ ಬಯಲಿನಲ್ಲಿ ಪಕ್ಕದವನ ಪಾಳಿಯ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡವನಿಗೆ ಈಗಲೂ ಧೂಮಾಂಗದನೆಂದೇ ಹೆಸರು. ಹಟ್ಟಿಯ ಗಣಿಯಲ್ಲಿ ಉಳಿದವರನ್ನೆಲ್ಲ ಮೇಲೆ ಕಳಿಸಿ ಕೊನೆಗೆ ಬರುವವನಿಗೂ ಅದೇ ಹೆಸರು. ಬೈಗುಳ, ಹೊಗಳಿಕೆ ಎರಡಕ್ಕೂ ಒಂದೇ ಹೆಸರು ಸಾಲುವುದಕ್ಕೆ ಕಾರಣ ಹನ್ನೆರಡನೆಯ ಪುಸ್ತಕದ ಕೊನೆಯ ಹಾಳೆಗಳು.

ಆ ಪುಸ್ತಕದ್ದು ಸುತ್ತ ಎಲ್ಲೂ ಇನ್ನೊಂದು ಪ್ರತಿ ಇರಲಿಲ್ಲ. ಮೂವತ್ತು ವರ್ಷದ ಹಿಂದೆ, ಅದು ಅಂಗಡಿಗೆ ಬಂದ ದಿನವೇ, ಮೊದಲು ಒಯ್ದ ಯಾರೋ ಅದನ್ನು ಪಕ್ಕದ ಮೌಲಾಸಾಬನ ಮಿರ್ಚಿ ಭಜಿ ಬಂಡಿಯ ಮೇಲೆ ಮರೆತು ಹೋದರು. ಮಧ್ಯಾಹ್ನದೊಳಗೆ ಕೊನೆಯ ಒಂಬತ್ತು ಹಾಳೆಗಳು ಬಿಸಿ ಮಿರ್ಚಿ ಸುತ್ತಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದ್ದವು. ಗಿರಾಕಿಗಳ ನೂಕುನುಗ್ಗಲಿನಲ್ಲಿ ಸ್ವತಃ ಕರಿಬಸಯ್ಯನವರೇ ಅದನ್ನು ಕೊನೆಯವರೆಗೆ ಓದಿರಲಿಲ್ಲ. ಮೌಲಾಸಾಬನ ಜೊತೆ ಮನಸಾರೆ ಜಗಳಾಡಿ, ಅವನ ಬಂಡಿಯ ಕಡೆ ಬೆನ್ನು ತಿರುಗಿಸಿ ಕೂತು, ಗೆರೆ ಹಾಳೆಯ ಮೇಲೆ ಕಥೆ ಮುಗಿಸಿ, ಮೈದಾ ಅಂಟಿನಿಂದ ಪುಸ್ತಕಕ್ಕೆ ಅಂಟಿಸಿದರು. ರಾಯಚೂರಿನ ಪ್ರತಿ ನೋಡಿ ಬರೆದುಕೊಂಡೆ ಎಂದು ಕೇಳಿದವರಿಗೆಲ್ಲ ಹೇಳಿದರು.

ಅವರ ಹಾಳೆಗಳಲ್ಲಿ ಧೂಮಾಂಗದ ತಿರುಗಿ ಊರಿಗೆ ಬರುತ್ತಾನೆ. ತಾನೇ ತೆರೆದ ಬಾಗಿಲನ್ನು ತಾನೇ ಮುಚ್ಚುತ್ತಾನೆ, ಆದರೆ ಹೊರಗೆ ನಿಂತು. ಅದಕ್ಕೇ ಬೆನ್ನು ಕೊಟ್ಟು, ವೈರಿಗಳ ದಾರಿ ಕಾಯುತ್ತ, ಮಂಡಕ್ಕಿಯ ಜೊತೆ ಎರಡು ಮಿರ್ಚಿ ತಿನ್ನುತ್ತಾನೆ. ರಾಕ್ಷಸರ ಲೋಕಕ್ಕೆ ಮಿರ್ಚಿ ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲ. ಸಂಜೆಯಾಗಿದೆ, ಮನುಷ್ಯ ದಣಿದಿದ್ದಾನೆ, ಮಿರ್ಚಿಯಲ್ಲದೆ ಇನ್ನೇನು ತಿಂದಾನು? ಓದಿದವರು ಅತ್ತರು.

ಹೋದ ವರ್ಷ ಲಿಂಗಸುಗೂರಿನ ವೀರೇಂದ್ರರಿಗೆ ಹೈದರಾಬಾದಿನ ಹಳೇ ಪುಸ್ತಕಗಳ ರಾಶಿಯಲ್ಲಿ ಪೂರ್ತಿ ಪ್ರತಿ ಸಿಕ್ಕಿತು. ಅವರು ಧೂಮಾಂಗದ ಅಧ್ಯಯನ ವೇದಿಕೆಯ ಸಂಸ್ಥಾಪಕ ಅಧ್ಯಕ್ಷರು. ಉಳಿದ ಸದಸ್ಯರೆಂದರೆ ಅವರ ಭಾವಮೈದುನ. ಅಚ್ಚಿನಲ್ಲಿ ಧೂಮಾಂಗದ ಕದ್ದ ಕುದುರೆ ಹತ್ತಿ ನಗುತ್ತ ಹೋಗಿಬಿಡುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಕರಿಬಸಯ್ಯನವರನ್ನು ಅನುಮಾನಿಸುತ್ತಿದ್ದರು. ವೀರೇಂದ್ರರು ಆ ಕೈಬರಹದ ಹಾಳೆಗಳಿಗೆ ಮಸ್ಕಿ ಪಾಠಾಂತರ ಎಂದು ಹೆಸರಿಟ್ಟರು. ಅಶೋಕನ ಶಾಸನದ ನಂತರ ಮಸ್ಕಿಯಲ್ಲಿ ಸಿಕ್ಕ ದೊಡ್ಡ ಶೋಧ ಇದೇ ಎಂದರು, ಮಿರ್ಚಿಯ ಒಳಾರ್ಥದ ಮೇಲೆ ಇಪ್ಪತ್ತೆರಡು ಪುಟ ಬರೆದರು, ಪಾಠಾಂತರ ಉಳಿಸಿದ ಪುಣ್ಯಾತ್ಮನಿಗೆ ಸನ್ಮಾನ ಇಟ್ಟುಕೊಂಡರು.

ಕರಿಬಸಯ್ಯನವರ ನಿದ್ದೆ ಹಾರಿಹೋಯಿತು. ವೀರೇಂದ್ರರ ಚಿಂತೆಯಲ್ಲ, ಗುರುಗುಂಟಾದ ವೆಂಕೋಬನ ಚಿಂತೆ. ಕುರಿ ಕಾಯುವ ವೆಂಕೋಬ ಹರೆಯದಲ್ಲಿ ಹೆಂಡತಿ, ಹಸುಗೂಸನ್ನು ಬಿಟ್ಟು ಹೊರಟವನು, ಮಸ್ಕಿಯಲ್ಲಿ ಬಸ್ಸು ಕಾಯುತ್ತ ಆ ಹಾಳೆಗಳನ್ನು ಓದಿ ಮನೆಗೆ ಮರಳಿದ್ದ. ಅಂದಿನಿಂದ ವರ್ಷಕ್ಕೊಮ್ಮೆ ಸಜ್ಜೆ ಕಾಳಿನ ಗಂಟು ತಂದಿಟ್ಟು ಕಾಲು ಮುಟ್ಟಿ ಹೋಗುತ್ತಾನೆ. ಪ್ರತಿ ಸಲವೂ ಕರಿಬಸಯ್ಯ ಕಾಲು ಹಿಂದೆಳೆದುಕೊಳ್ಳುತ್ತಾರೆ. ಸುಳ್ಳು ಹೊರುವುದಕ್ಕೂ ಒಂದು ವಯಸ್ಸಿದೆ, ಅದು ಅವರಿಗೆ ದಾಟಿತ್ತು. ಆದರೆ ಸತ್ಯ ಹೇಳಿದರೆ ಅವನ ಮೂವತ್ತು ವರ್ಷದ ಸಂಸಾರ ಯಾವುದರ ಮೇಲೆ ನಿಂತೀತು?

ಸನ್ಮಾನದ ದಿನ ಬೆಳಿಗ್ಗೆ ವೆಂಕೋಬ ಹೊಸ ಟವೆಲ್ ಹೊದ್ದು ಅಂಗಡಿಗೇ ಬಂದ. ಕರಿಬಸಯ್ಯ ಅವನನ್ನು ಕೂರಿಸಿ ಹೇಳಿಯೇಬಿಟ್ಟರು.

"ಆ ಹಾಳಿ ನಾನ ಬರದೀನಿ ವೆಂಕೋಬ. ಖರೇ ಪುಸ್ತಕದಾಗ ಅವ ಓಡಿಹೋಗ್ಯಾನ."

ವೆಂಕೋಬ ಹೊಸ ಟವೆಲ್ ತೆಗೆದು ತೊಡೆಯ ಮೇಲೆ ಮಡಚಿಟ್ಟುಕೊಂಡ.

"ಹೋದ್ರ ಹೋಗ್ಲಿ ಬಿಡ್ರಿ ಅಯ್ಯಾರ," ಎಂದ. "ಹಾಳಿ ಯಾರರ ಬರದಿರ್ಲಿ, ಗುರುಗುಂಟಾಕ್ಕ ತಿಕೀಟು ತಗಸಿದಾಂವ ನಾನ. ನೀವು ಇಷ್ಟು ವರ್ಷ ಇದನ್ನ ಹೊತ್ಕೊಂಡು ಕುಂತಿದ್ರೇನು?"

ಲಿಂಗಸುಗೂರಿನ ಸಭೆಯಲ್ಲಿ ಶಾಲು ಹೊದಿಸಿದ್ದಾಯಿತು, ಇಪ್ಪತ್ತೆರಡು ಪುಟ ಓದಿದ್ದೂ ಆಯಿತು. ಕರಿಬಸಯ್ಯ ಹದಿನಾಲ್ಕನೆಯ ಪುಟದಿಂದ ತೂಕಡಿಸುತ್ತಿದ್ದರು. ಕೊನೆಗೆ ವೀರೇಂದ್ರರು ಮೈಕನ್ನು ಅವರ ಗಡ್ಡಕ್ಕೆ ಹತ್ತಿರ ಹಿಡಿದು, ಆ ಎರಡು ಮಿರ್ಚಿಗಳಲ್ಲಿ ಒಂದು ಪಶ್ಚಾತ್ತಾಪದ ಬೆಂಕಿ, ಇನ್ನೊಂದು ಲೋಕದ ಕ್ರೌರ್ಯ ಎಂದು ತಾವು ಕಂಡುಕೊಂಡಿರುವುದಾಗಿಯೂ, ಪೂಜ್ಯರ ಅಭಿಪ್ರಾಯದಲ್ಲಿ ಯಾವುದು ಯಾವುದೆಂದು ತಿಳಿಸಬೇಕೆಂದೂ ಕೇಳಿದರು.

ಕರಿಬಸಯ್ಯ ಮೂರನೆಯ ಸಾಲಿನಲ್ಲಿದ್ದ ವೆಂಕೋಬನ ಕಡೆ ನೋಡಿದರು. ಹೇಳಿಬಿಡಿ ಎಂಬಂತೆ ಅವನು ತಲೆಯಾಡಿಸಿದ.

"ಬೆಂಕಿ ಇಲ್ಲ, ಲೋಕ ಇಲ್ಲ," ಎಂದರು. "ಅದನ್ನ ಬರದಾಂವ ನಾನು. ಅವತ್ತು ಮಧ್ಯಾಹ್ನ ನಾ ಉಂಡಿದ್ದಿಲ್ಲ."