ಕ್ಯಾಲಿಫೋರ್ನಿಯಾದ ಎರಡನೇ ಸ್ಥಾನ

ನನ್ನ ಗಂಡ ಬೆಂಗಳೂರಿನಲ್ಲಿ ಒಂದು ದಿನವೂ ವೋಟು ಹಾಕಿದವನಲ್ಲ. ಅಂಥವನು ಜಪಾನಿನ ಹಮಾಮತ್ಸುವಿನ ನಮ್ಮ ಅಡುಗೆಮನೆಯಲ್ಲಿ ಕೂತು, ಅಮೆರಿಕದ ಸಂಸತ್ತಿನ ಚುನಾವಣೆಯ ಬಗ್ಗೆ ನನಗೆ ಪಾಠ ಹೇಳುತ್ತಿದ್ದ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸುತ್ತಿನಲ್ಲಿ ಎಲ್ಲ ಪಕ್ಷದವರೂ ಒಟ್ಟಿಗೆ ನಿಲ್ಲುತ್ತಾರಂತೆ, ಹೆಚ್ಚು ವೋಟು ಬಂದ ಇಬ್ಬರು ಮಾತ್ರ ಮುಂದಿನ ಸುತ್ತಿಗೆ ಹೋಗುತ್ತಾರಂತೆ. ಆ ಇಬ್ಬರು ಯಾರೆಂದು ಫೋನಿನಲ್ಲೇ ಹಣ ಕಟ್ಟಬಹುದು. ಬೆಟ್ಟಿಂಗ್ ಅಂದರೆ ಮುಖ ಗಂಟಿಕ್ಕುತ್ತಿದ್ದ. ಪ್ರೆಡಿಕ್ಷನ್ ಮಾರ್ಕೆಟ್ ಅನ್ನಬೇಕಂತೆ. ಇಂಗ್ಲಿಷ್ ಹೆಸರಿಟ್ಟ ಮಾತ್ರಕ್ಕೆ ಜೂಜು ಜಾಣತನವಾಯಿತು ಎಂದು ನಂಬುವ ಎಂಜಿನಿಯರುಗಳನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನನಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ, ತವರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಇನ್ನೆರಡು ವಾರ ಕಳೆದರೆ ವಿಮಾನದವರು ಹತ್ತಿಸುತ್ತಿರಲಿಲ್ಲ.

ಅಲ್ಲಿ ಮತದಾನ ಮುಗಿದಾಗ ನಮಗೆ ಮರುದಿನದ ಮಧ್ಯಾಹ್ನ. ಮೊದಲ ಎಣಿಕೆಯಲ್ಲಿ ಅವನು ನೆಚ್ಚಿದ್ದ ಹೆಂಗಸು ಎರಡನೇ ಸ್ಥಾನದಲ್ಲಿದ್ದಳು. ಜಪಾನಿನ ಟಿವಿಯಲ್ಲಿ ಮತದಾನ ಮುಗಿಯುತ್ತಿದ್ದಂತೆ ಗೆದ್ದವರ ಹೆಸರು ಬಂದುಬಿಡುತ್ತದೆ, ಅವರು ಕೈಯೆತ್ತಿ ಬಾನ್ಜಾಯ್ ಎಂದು ಜೈಕಾರ ಕೂಗುತ್ತಾರೆ. ಎಂಟು ವರ್ಷ ಅದನ್ನೇ ನೋಡಿದವನಿಗೆ ಮತ ಎಣಿಕೆಯೆಂದರೆ ಒಂದು ಸಂಜೆಯ ಕೆಲಸ. ನನ್ನ ಟಿಕೆಟಿಗೆ ಎತ್ತಿಟ್ಟಿದ್ದಷ್ಟನ್ನೂ ಅವಳ ಮೇಲೆ ಸುರಿದ. "ತೊಂಬತ್ತೈದು ಪರ್ಸೆಂಟ್ ಕಣೇ, ನಾಳೆ ನಿನ್ನ ಟಿಕೆಟ್ ಅಪ್‌ಗ್ರೇಡ್ ಮಾಡ್ತೀನಿ" ಅಂದ. ಫ್ಯಾಕ್ಟರಿಯ ಸಹೋದ್ಯೋಗಿಗಳಿಗೆ ಬೀದಿಮೂಲೆಯ ಕೊಂಬಿನಿ ಅಂಗಡಿಯಿಂದ ಕೇಕು ಕೊಂಡು ಹಂಚಿದನಂತೆ. ಯಾಕೆಂದು ತಿಳಿಯದೆಯೇ ಅವರೆಲ್ಲ ತಲೆಬಾಗಿ ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿದರಂತೆ.

ಕ್ಯಾಲಿಫೋರ್ನಿಯಾದಲ್ಲಿ ಅಂಚೆಯ ವೋಟುಗಳು ಆಮೇಲೂ ಬರುತ್ತವೆ, ವಾರಗಟ್ಟಲೆ ಎಣಿಸುತ್ತಾರೆ. ದಿನಕ್ಕೊಂದಿಷ್ಟು ವೋಟು ಬಂದು ಅವಳ ಮುನ್ನಡೆಯನ್ನು ಕೊರೆಯುತ್ತಾ ಹೋದವು. ಇವನು ಊಟ ಬಿಟ್ಟು ಫೋನು ಉಜ್ಜುತ್ತಿದ್ದ. ನಾನು ಕ್ಯಾಲೆಂಡರ್ ನೋಡುತ್ತಿದ್ದೆ. ಯಾರಲ್ಲಾದರೂ ಸಾಲ ಕೇಳು ಅಂದರೆ, ಮಾನ ಹೋಗುತ್ತದಂತೆ. ಹತ್ತನೇ ದಿನಕ್ಕೆ ಅವಳು ಮೂರನೆಯವಳಾದಳು, ಆಮೇಲೆ ಮೇಲೇಳಲಿಲ್ಲ.

ಅಮ್ಮ ವಿಡಿಯೋ ಕಾಲ್ ಮಾಡಿದಳು. ಬಾಣಂತಿ ಲೇಹ್ಯದ ಡಬ್ಬಿಯನ್ನು ಕ್ಯಾಮೆರಾದ ಮುಂದೆ ಹಿಡಿದು, ಯಾವತ್ತು ಏರ್‌ಪೋರ್ಟಿಗೆ ಬರಲಿ ಅಂತ ಕೇಳಿದಳು. ಅವನು ನನ್ನೆದುರೇ ಕೂತಿದ್ದ, ತಲೆಯೆತ್ತಲಿಲ್ಲ.

"ಡಾಕ್ಟರ್ ಬೇಡ ಅಂದ್ಬಿಟ್ರಮ್ಮ, ಟ್ರಾವೆಲ್ ಮಾಡಬಾರದಂತೆ" ಅಂದೆ.

ಅಮ್ಮ ಗಾಬರಿಯಾಗಿ ಮಗುವಿನ ಬಗ್ಗೆ ಕೇಳತೊಡಗಿದಳು. ಅವನು ನೆಮ್ಮದಿಯಾಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವನ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಹಣ ಕಳೆದ ದಿನವಲ್ಲ, ಆ ಉಸಿರು ಕೇಳಿದ ಕ್ಷಣ. ಅವನ ಮಾನ ಉಳಿಸಲು ಅಮ್ಮನನ್ನು ಹೆದರಿಸಿದವಳು ನಾನೇ.