ಅಪ್ಪನ ಸ್ಟೇಷನ್ ನೋಡಲು ಹೋದ ದಿನ

ಅಪ್ಪ ಮೊದಲು ಮಾಸ್ತರರಾಗಿದ್ದ ಸ್ಟೇಷನ್ನು ನಾನು ಹುಟ್ಟುವ ಮುಂಚೆಯೇ ಮುಚ್ಚಿಹೋಗಿತ್ತು. ಅಂಧೇರಿಯಿಂದ ಕುರ್ಲಾ ಕಡೆಗೆ ಗದ್ದೆಗಳ ನಡುವೆ ಹೋಗುತ್ತಿದ್ದ ಆ ಲೈನು ಕೆಲವೇ ವರ್ಷ ಓಡಿ ನಿಂತಿತಂತೆ. ಹಳಿಗಳನ್ನೂ ಕಿತ್ತೊಯ್ದರು. ಧಾರವಾಡದಿಂದ ಬಂದು ಅಲ್ಲಿ ಹಸಿರು ಬಾವುಟ ಹಿಡಿದು ನಿಂತ ಅಪ್ಪನ ಕಥೆಗಳನ್ನು ಕೇಳುತ್ತಲೇ ನಾನು ಪಾರ್ಲೆಯ ಚಾಳಿನಲ್ಲಿ ಬೆಳೆದೆ. ಐವತ್ತರ ದಶಕದಲ್ಲಿ, ನಾನು ಕಾಲೇಜಿಗೆ ಸೇರಿದ ವರ್ಷ, ಒಂದು ಭಾನುವಾರ ಹಟ ಹಿಡಿದು ಅಪ್ಪ ಅವ್ವ ಇಬ್ಬರನ್ನೂ ಹೊರಡಿಸಿದೆ.

"ಅಲ್ಲೇನೈತಿ ನೋಡಾಕ? ಮಣ್ಣು!" ಎಂದಳು ಅವ್ವ. ಆದರೂ ಒಳ್ಳೆಯ ಇಳಕಲ್ ಸೀರೆಯನ್ನೇ ಉಟ್ಟುಕೊಂಡು ಬಂದಳು.

ಅಂಧೇರಿಯಲ್ಲಿ ಲೋಕಲ್ ಇಳಿದು ಬಹಳ ದೂರ ನಡೆದೆವು. ಪ್ಲಾಟ್‌ಫಾರ್ಮಿನ ಕಲ್ಲುಗಳು ಹುಲ್ಲಿನಲ್ಲಿ ಮುಚ್ಚಿಹೋಗಿದ್ದವು. ಟಿಕೀಟಿನ ಕೋಣೆಯ ಗೋಡೆಗಳಷ್ಟೇ ಉಳಿದಿದ್ದವು, ಒಳಗೆ ಎಮ್ಮೆ ಕಟ್ಟಿದ್ದರು. ಅಪ್ಪ ಕೋಟಿನ ಗುಂಡಿ ಹಾಕಿಕೊಂಡು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನೆಟ್ಟಗೆ ನಿಂತರು. ತಲೆಯ ಮೇಲೆ ವಿಮಾನವೊಂದು ಗದ್ದಲ ಮಾಡಿ ಇಳಿಯಿತು. ಅವರು ಕತ್ತೆತ್ತಲಿಲ್ಲ.

ಅಷ್ಟರಲ್ಲಿ ಹೆಂಗಸೊಬ್ಬಳು ಎಮ್ಮೆಗೆ ಹುಲ್ಲಿನ ಹೊರೆ ಹೊತ್ತು ಬಂದಳು. ತಾನು ಇಲ್ಲಿಯ ಮಾಸ್ತರನಾಗಿದ್ದೆ ಎಂದು ಅಪ್ಪ ಮರಾಠಿಯಲ್ಲಿ ಹೇಳಿಕೊಂಡರು. ಆಕೆ ಅವರತ್ತ ನೋಡಲೇ ಇಲ್ಲ. ಅವ್ವನ ಮುಖವನ್ನೇ ದಿಟ್ಟಿಸಿ, ಹೊರೆಯನ್ನು ಧೊಪ್ಪನೆ ಕೆಳಗೆ ಹಾಕಿ, "ಮಾಸ್ತರೀಣ್ ಬಾಯಿ!" ಎಂದು ಅವ್ವನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ತನ್ನ ಮನೆಯತ್ತ ತಿರುಗಿ ಕೂಗಿದಳು. ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಎಳೆಯ ಹೆಂಗಸು ಓಡಿ ಬಂದಳು.

"ಇವಳೇ ನೋಡು, ಇದೇ ಕೋಣೆಯಲ್ಲಿ ನಿನ್ನ ಕೈಯಲ್ಲಿ ಹುಟ್ಟಿದವಳು!"

ನನಗೇನೂ ತಿಳಿಯಲಿಲ್ಲ. ಅಪ್ಪ ನಗುತ್ತಾ ಹೇಳಿದರು: "ಈ ಬಾಯಿ ಬಾಣಂತನಕ್ಕ ಇಲ್ಲಿ ತವರಿಗೆ ಬರಾಕತ್ತಿದ್ಲು. ಗಾಡ್ಯಾಗನ ಬ್ಯಾನಿ ಸುರು ಆತು. ಹೊರಗ ಜೋರು ಮಳಿ. ಡಾಕ್ಟರ್ ಬೇಕಂದ್ರ ಅಂಧೇರಿಗೇ ಹೋಗಬೇಕಿತ್ತು. ನಿಮ್ಮವ್ವ ನನ್ನ ಹೊರಗ ದಬ್ಬಿ ಬಾಗ್ಲಾ ಹಾಕ್ಕೊಂಡ್ಲು."

"ನಿನಗ ಯಾರು ಕಲಿಸಿದ್ರು?" ಎಂದು ಅವ್ವನನ್ನು ಕೇಳಿದೆ. ಆಗವಳು ಮದುವೆಯಾಗಿ ಬಂದ ಹೊಸ ಸೊಸೆ, ತಾನಿನ್ನೂ ಹೆತ್ತವಳಲ್ಲ.

"ಊರಾಗ ನಮ್ಮ ಆಯಿ ಹೆರಿಗಿ ಮಾಡ್ಸೂದು ನೋಡಿದ್ದೆ. ಬಿಸಿನೀರು ಬೇಕಂದ್ರ ಒಲಿ ಹತ್ತವಲ್ದು. ನಿಮ್ಮಪ್ಪನ ಕೈಯಾಗ ಕೊಡಪಾನ ಕೊಟ್ಟು, ಇಂಜಿನ್ನಿನಾಗಿಂದ ತರ್ರಿ ಅಂದೆ."

"ತಂದು ಕೊಟ್ಟೆ. ಡ್ರೈವರ್ ಕೂಸಿನ ಅಳು ಕೇಳಿದ ಮ್ಯಾಲ ಗಾಡಿ ಬಿಟ್ಟ," ಎಂದರು ಅಪ್ಪ.

ಇಷ್ಟು ವರ್ಷ ಅಪ್ಪ ಬಾವುಟದ ಕಥೆ ಹೇಳಿದ್ದರು, ಸಿಗ್ನಲ್ಲಿನ ಕಥೆ ಹೇಳಿದ್ದರು. ಇದನ್ನೇಕೆ ಹೇಳಲಿಲ್ಲವೆಂದು ಕೇಳಿದರೆ, "ಅಕಿನ ಬ್ಯಾಡ ಅಂದಿದ್ಲು. ಲಗ್ನ ಆಗದ ಹುಡಿಗ್ಯಾರ ಮುಂದ ಹೆರಿಗಿ ಮಾತು ಆಡಬಾರದಂತ," ಎಂದರು.

ಆ ತಾಯಿ ಮಗಳು ನಮ್ಮನ್ನು ಮನೆಯೊಳಗೆ ಕೂರಿಸಿ, ಅವ್ವನಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ, ಕುಪ್ಪಸದ ಕಣ ಇಟ್ಟು ಉಡಿ ತುಂಬಿದರು. ಮಗಳು ತನ್ನ ಕೂಸನ್ನು ಅವ್ವನ ತೊಡೆಯ ಮೇಲೆ ಮಲಗಿಸಿದಳು. ಅದು ಅವ್ವನ ಕರಿಮಣಿ ಹಿಡಿದು ಎಳೆಯುತ್ತಿತ್ತು. ಕಾಯಿಪಲ್ಲೆ ಪೇಟೆಯಲ್ಲಿ ಎಲ್ಲರೊಡನೆ ಗಟ್ಟಿಯಾಗಿ ಚೌಕಾಸಿ ಮಾಡುವ ನನ್ನ ಅವ್ವ ಅಂದು ಅದನ್ನು ಬಿಡಿಸಿಕೊಳ್ಳದೆ ಕೂಸಿನ ತಲೆ ಸವರುತ್ತ ಕೂತಿದ್ದಳು.

ಸಂಜೆ ಚಾಳಿನ ಪಡಸಾಲೆಯಲ್ಲಿ ಅಪ್ಪ ನೆರೆಯವರನ್ನೆಲ್ಲ ಕೂಡಿಸಿ ಕಥೆ ಶುರು ಮಾಡಿದರು. "ಸಾಕು ಮಾಡ್ರಿ," ಎಂದು ಅವ್ವ ಒಳಗಿನಿಂದ ಗದರಿದಳು. ಅವರು ನಿಲ್ಲಿಸಲಿಲ್ಲ. ಮರುದಿನ ಕಾಲೇಜಿನಲ್ಲಿ ಅದೇ ಕಥೆ ಶುರು ಮಾಡಿ ನಾನೂ ನಿಲ್ಲಿಸಲಿಲ್ಲ.